ಸಮುದ್ರ ಗುಡಿಸಿದ ಹಡಗು

ಶುಕ್ರವಾರ ಬೆಳಿಗ್ಗೆ ಸಿಡ್ನಿಯ ಗಿರಾವೀನಿನಲ್ಲಿರುವ ಮಗಳ ಮನೆಯಿಂದ ಹೊರಟಾಗ ಇನ್ನೂ ಚಳಿಯಿತ್ತು. ರೈಲಿಗೆ ಬೇಕಾದಷ್ಟು ಹೊತ್ತಿದ್ದರೂ ನಾನು ಆಗಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಅಪ್ಪಾ, ಫ್ಲೈಟ್‌ನಲ್ಲಿ ಹೋದ್ರೆ ಒಂದೂವರೆ ಗಂಟೆ. ನಾನೇ ಬುಕ್ ಮಾಡ್ತಿದ್ದೆ," ಎಂದಳು ಮಗಳು ರೇಖಾ.

"ನಿಮ್ಮಪ್ಪನಿಗೆ ಕಿಟಕಿ ಬೇಕು ಕಣೆ," ಎಂದಳು ನನ್ನ ಹೆಂಡತಿ ಕಮಲ, ಚಿತ್ರಾನ್ನದ ಡಬ್ಬಿಯನ್ನು ಚೀಲಕ್ಕಿಡುತ್ತ.

ನಾವು ಹೊರಟದ್ದು ಮೆಲ್ಬರ್ನಿಗೆ, ಒಂದು ಹಳೆಯ ಹಡಗನ್ನು ನೋಡಲು. ಭಾರತದ ನೌಕಾಪಡೆ ಸೇರಿದ ಹೊಸದರಲ್ಲಿ ನಾನು ಒಂದು ಮೈನ್‌ಸ್ವೀಪರ್‌ನಲ್ಲಿದ್ದೆ. ಶತ್ರುಗಳು ಸಮುದ್ರದಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳನ್ನು ತೆಗೆದು ಬೇರೆ ಹಡಗುಗಳಿಗೆ ದಾರಿ ಮಾಡಿಕೊಡುವ ಹಡಗು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಕಟ್ಟಿದ್ದು ಇದೇ ಸಿಡ್ನಿಯಲ್ಲಿ. ಇಲ್ಲಿಂದ ನಮ್ಮ ಕಡೆಗೆ ಬಂದು ಸರಕಿನ ಹಡಗುಗಳಿಗೆ ಕಾವಲಾಗಿ ಓಡಾಡಿತು, ಯುದ್ಧ ಮುಗಿದ ಮೇಲೆ ನಮ್ಮಂಥ ಹೊಸಬರಿಗೆ ಪಾಠಶಾಲೆಯಾಯಿತು, ಕೊನೆಗೆ ಗುಜರಿಗೆ ಹೋಯಿತು. ಅದೇ ನಕ್ಷೆಯ ಇನ್ನೊಂದು ಹಡಗು ಮೆಲ್ಬರ್ನಿನ ವಿಲಿಯಮ್ಸ್‌ಟೌನಿನಲ್ಲಿ ಉಳಿದಿದೆ ಎಂದು ತಿಳಿದಾಗಿನಿಂದ ನನಗೆ ಒಂದೇ ಆಸೆ: ಕಮಲಳನ್ನು ಅದರ ಮೇಲೆ ಹತ್ತಿಸಬೇಕು.

ಕಾರಣವಿದೆ. ತಿಪಟೂರಿನಲ್ಲಿ ನಮ್ಮ ಮದುವೆಯ ಮಾತು ನಡೆದಾಗ ಅವಳ ಸೋದರಮಾವ 'ಸ್ವೀಪರ್' ಎಂಬಷ್ಟನ್ನೇ ಕೇಳಿಸಿಕೊಂಡು, "ಕಸ ಗುಡಿಸೋನಿಗೆ ಹುಡುಗಿ ಕೊಡ್ತೀರೇನ್ರಯ್ಯಾ?" ಎಂದು ಎದ್ದು ನಿಂತಿದ್ದರು. ಒಳಗಿನಿಂದ ಕಮಲಳ ದನಿ ಬಂತು: "ಗುಡಿಸೋಕೆ ಬರೋ ಗಂಡ ಸಿಕ್ರೆ ನನಗೇ ಲಾಭ ಬಿಡಿ ಮಾವ." ಎಲ್ಲರೂ ನಕ್ಕರು, ಮಾತು ಮುರಿಯಲಿಲ್ಲ. ಅದಕ್ಕೆ ನಾನು ಇಂದಿಗೂ ಋಣಿ. ಆದರೆ ನಾನು ಗುಡಿಸುತ್ತಿದ್ದದ್ದು ಏನೆಂದು ಅವಳು ಕಂಡವಳಲ್ಲ. ನೀರೆಂದರೆ ಅವಳಿಗೆ ಭಯ. ಬಂದರಿನ ಕಡೆಗೇ ಬಂದವಳಲ್ಲ.

ರೈಲು ಇಡೀ ಹಗಲು ಓಡಿತು. ಒಣಹುಲ್ಲಿನ ಬಯಲು, ಕುರಿಗಳು, ಮತ್ತೆ ಬಯಲು. ಆಲ್ಬರಿ ಎಂಬ ಊರು ದಾಟಿ ಮರ್ರೇ ನದಿ ಬಂದಾಗ ಕಮಲ ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ನನಗೆ ಆಗಲೇ ಅಳುಕು ಹುಟ್ಟಿತು.

ಆ ಹಡಗನ್ನು ತೋರಿಸುವುದು ಶನಿವಾರ, ಭಾನುವಾರ ಮಾತ್ರ. ಶನಿವಾರ ಲೋಕಲ್ ರೈಲು ಹತ್ತುವಾಗ ಬಿಸಿಲು, ಇಳಿಯುವಾಗ ಜೋರು ಗಾಳಿ. ಬಂದರಿನ ಧಕ್ಕೆಗೆ ಒರಗಿ ಬೂದುಬಣ್ಣದ ಆ ಹಡಗು ನಿಂತಿತ್ತು.

ಕಮಲ ಹಡಗಿಗೆ ಹತ್ತುವ ಹಲಗೆಯ ಬುಡದಲ್ಲೇ ನಿಂತಳು. "ಕೆಳಗೆ ನೀರು ಕಾಣ್ತಿದೆ ರೀ. ನೀವು ಹೋಗ್ ಬನ್ನಿ, ನಾನಿಲ್ಲೇ ಕೂತಿರ್ತೀನಿ."

ಒತ್ತಾಯಿಸಲಿಲ್ಲ. ಒಬ್ಬನೇ ಹತ್ತಿ, ನೌಕಾಪಡೆಯ ಅಭ್ಯಾಸದಂತೆ ಹಡಗಿನ ಹಿಂಭಾಗದ ಕಡೆ ತಿರುಗಿ ಸೆಲ್ಯೂಟ್ ಹೊಡೆದೆ. ಡೆಕ್ ಗುಡಿಸುತ್ತಿದ್ದ ನನ್ನ ವಯಸ್ಸಿನ ಸ್ವಯಂಸೇವಕ ಪೊರಕೆ ನಿಲ್ಲಿಸಿ, ನೀನಿದ್ದದ್ದು ಯಾವ ಹಡಗು ಎಂದು ಕೇಳಿದ. ಹೇಳಿದೆ. "ಹಾಗಾದರೆ ಇದು ನಿನ್ನ ಹಡಗಿನ ಒಡಹುಟ್ಟು, ಮೇಟ್," ಎಂದು ಕೈ ಕುಲುಕಿದ. ಹೆಸರು ಕೆನ್. ಎಂಜಿನ್ ಕೋಣೆ, ನಾವು ಮಲಗುತ್ತಿದ್ದಂಥ ಇಕ್ಕಟ್ಟಿನ ಜಾಗ, ಎಲ್ಲ ನೋಡಿದೆ. ಆದರೂ ಕಣ್ಣು ಮತ್ತೆ ಮತ್ತೆ ಕೆಳಗೆ ಕಮಲ ಕೂತಿದ್ದ ಬೆಂಚಿನತ್ತ ಹೋಗುತ್ತಿತ್ತು.

ಕೆನ್ ಮತ್ತೆ ಪೊರಕೆ ಹಿಡಿದ. ಕೆಳಗಿನಿಂದ ಕೂಗು ಬಂತು: "ರೀ, ಗಾಳಿಗೆ ಎದುರಾಗಿ ಗುಡಿಸ್ತಿದಾನಲ್ರೀ! ಎಲ್ಲಾ ಅವನ ಮುಖಕ್ಕೇ ಬರ್ತಿದೆ. ಹೇಳಬಾರ್ದಾ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕೆನ್ ಗಹಗಹಿಸಿ ನಕ್ಕು, ಕಂಬಿಯ ಮೇಲಿಂದ ಪೊರಕೆ ಚಾಚಿ, ಬಂದು ತೋರಿಸಿಕೊಡಿ ಎಂದ. ಕಮಲ ಸೆರಗು ಸಿಕ್ಕಿಸಿ ಎದ್ದಳು. ಕಣ್ಣನ್ನು ಪೊರಕೆಯ ಮೇಲೆಯೇ ಇಟ್ಟು, ಹಲಗೆ ಹತ್ತಿ ಬಂದೇ ಬಿಟ್ಟಳು!

ಗುಡಿಸಿ ತೋರಿಸಿದ ಮೇಲೆ ಹಿಂಭಾಗಕ್ಕೆ ಕರೆದೊಯ್ದೆ. ಅಲ್ಲಿದ್ದ ಉಕ್ಕಿನ ಹಗ್ಗ ತೋರಿಸಿ, ನೀರಲ್ಲಿ ಎಳೆದುಕೊಂಡು ಹೋದರೆ ಅದು ಸಿಡಿಗುಂಡನ್ನು ಹಿಡಿದಿಟ್ಟ ಸರಪಳಿಯನ್ನು ಕತ್ತರಿಸುತ್ತದೆ, ಗುಂಡು ಮೇಲೆ ತೇಲಿದಾಗ ದೂರದಿಂದ ಹೊಡೆದು ಸಿಡಿಸುತ್ತಾರೆ ಎಂದೆ.

"ಹಡಗೇ ಮೊದಲು ಅದರ ಮೇಲೆ ಹೋದ್ರೆ?"

"ಯುದ್ಧದಲ್ಲಿದ್ದವರು ಅದನ್ನೂ ಲೆಕ್ಕಕ್ಕೆ ತಗೊಂಡೇ ಹೋಗ್ತಿದ್ರು. ನಾವು ಅವರಿಂದ ಕಲಿತವರು ಅಷ್ಟೇ."

ಅವಳು ಹಗ್ಗದ ಮೇಲೆ ಕೈಯಾಡಿಸಿದಳು. "ಮಾವ ಇದ್ದಿದ್ರೆ ಕರ್ಕೊಂಡ್ ಬಂದು ತೋರಿಸ್ಬೇಕಿತ್ತು," ಎಂದಳು. ಇಷ್ಟು ದೂರ ಬಂದದ್ದು ಸಾರ್ಥಕವಾಯಿತು.

ಧಕ್ಕೆಯ ತುದಿಯಲ್ಲಿ ಇಬ್ಬರೂ ತಿರುಗಿ ನೋಡಿದೆವು. ಕೆನ್ ಈಗ ಗಾಳಿ ಬೀಸುವ ಕಡೆಗೇ ಗುಡಿಸುತ್ತಿದ್ದ. "ಸಮುದ್ರಾನೇ ಗುಡಿಸೋ ಹಡಗಿನಲ್ಲಿದ್ದೋರು," ಎಂದಳು ಕಮಲ, "ನಮ್ಮನೆ ಅಂಗಳ ಒಂದು ದಿನಾನೂ ಗುಡಿಸ್ಲಿಲ್ಲ."

ಸಿಡ್ನಿಗೆ ಮರಳಿದ ಮಾರನೆಯ ಬೆಳಿಗ್ಗೆ, ಕಾಫಿಗೂ ಮುಂಚೆ, ಮಗಳ ಮನೆಯ ಹಿತ್ತಿಲಿಗೆ ಪೊರಕೆ ಹಿಡಿದು ಇಳಿದೆ. ಅಡುಗೆಮನೆಯ ಕಿಟಕಿ ತೆರೆಯಿತು.

"ರೀ, ಆ ಮೂಲೆ ಬಿಟ್ರಿ."