ಸಿಂದಗಿಯ ಮೈದಾನದಲ್ಲಿ ಆಲ್ಕೋಹಾಲಿನ ಸರಪಳಿ

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನಾನು ಸಿಂದಗಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷದ ವಿಜ್ಞಾನ ಓದುತ್ತಿದ್ದೆ. ಕನ್ನೊಳ್ಳಿಯಿಂದ ಬರುವ ಮೊದಲ ಬಸ್ಸು ದಿನಾಲೂ ಒಂದು ತಾಸು ಮುಂಚೆಯೇ ನನ್ನನ್ನು ಇಳಿಸಿಬಿಡುತ್ತಿತ್ತು. ಆ ಹೊತ್ತಿಗೆ ತೆರೆದಿರುತ್ತಿದ್ದುದು ರಸಾಯನಶಾಸ್ತ್ರದ ಪ್ರಯೋಗಾಲಯ ಒಂದೇ. ಅಲ್ಲಿನ ಅಟೆಂಡರ್ ಅವರನ್ನು ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಅಂದು ಅವರು ಟೆಸ್ಟ್ ಟ್ಯೂಬು ತೊಳೆಯುವುದನ್ನು ಬಿಟ್ಟು, ಕಿಟಕಿಯ ಹತ್ತಿರ ಒಂದು ಬಾಟಲಿ ಹಿಡಿದು ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದರು.

"ನೋಡ್ ಬೇಟಿ, ಕೆಟ್ಟೋತು. ಮೊನ್ನೆ ನೀರಿನಂಗ ಇತ್ತು, ಇವತ್ತ ಕೊಬ್ಬರಿ ಎಣ್ಣಿ ಹೆಪ್ಪ ಹಿಡದಂಗ ಆಗೇತಿ. ಮೇಡಮ್ಮಾರು ನನ್ನ ಬಿಡಂಗಿಲ್ಲ."

ಚೀಟಿಯ ಮೇಲೆ ಟರ್ಷರಿ ಬ್ಯುಟೈಲ್ ಆಲ್ಕೋಹಾಲ್ ಎಂದಿತ್ತು. ಬೋರಲು ಹಿಡಿದರೂ ಒಳಗಿನದು ಅಲುಗಾಡಲಿಲ್ಲ. ಯಾಕೋ ಏನೋ, ನಾನು ಅದನ್ನು ಎರಡೂ ಅಂಗೈಗಳ ನಡುವೆ ಬಿಗಿಯಾಗಿ ಹಿಡಿದು ಕುಳಿತೆ. ಸುಮಾರು ಹೊತ್ತಾದ ಮೇಲೆ ಗಾಜಿನ ಅಂಚು ಒಳಗೊಳಗೇ ಒದ್ದೆಯಾಯಿತು. ಬಿಳಿ ಗಡ್ಡೆ ಮೆಲ್ಲಗೆ ಜಾರಿತು.

"ಚಾಚಾ, ಕೆಟ್ಟಿಲ್ರಿ! ಕರಗಾಕತ್ತೈತಿ!" ಎಂದು ಕೂಗಿದೆ.

ಆಗಲೇ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಮೇಡಂ ಒಳಗೆ ಬಂದರು. ಬಸವನ ಬಾಗೇವಾಡಿಯವರು, ನೌಕರಿಗೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಬೈಗುಳ ಬೀಳುತ್ತದೆಂದು ಚಾಚಾ ಗೋಡೆಗೆ ಸರಿದರು. ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದವರೇ ಕುಣಿದುಬಿಟ್ಟರು.

"ಹರಳಾಗೇತಿ! ಪುಸ್ತಕದಾಗ ಓದಿದ್ದೆ, ಕಣ್ಣಿಲೆ ನೋಡಿದ್ದಿಲ್ಲ. ಇಪ್ಪತ್ತೈದು ಡಿಗ್ರಿಗೇ ಇದು ಗಟ್ಟಿ ಆಗ್ತೈತಿ. ನಮ್ಮ ಥಂಡಿ ಸಾಕು ಇದಕ್ಕ!"

ಅಂದಿನ ಪಾಠ ಬದಿಗುಳಿಯಿತು. ತರಗತಿಯ ಇಪ್ಪತ್ತೂ ಜನರನ್ನು ಮೈದಾನದ ಬಿಸಿಲಿಗೆ ಕರೆದುಕೊಂಡು ಹೋಗಿ, "ಈಗ ನೀವೆಲ್ಲಾ ಒಂದೊಂದು ಮಿಥನಾಲ್ ಅಣು, ಎಲ್ಲಾಕಿಂತ ಸಣ್ಣ ಆಲ್ಕೋಹಾಲ್" ಎಂದರು. ಬಲಗೈ ಹೈಡ್ರೋಜನ್, ಎಡಗೈ ಆಕ್ಸಿಜನ್. ಒಂದು ಕೈ ಕೊಡಬೇಕು, ಇನ್ನೊಂದರಿಂದ ಹಿಡಿಯಬೇಕು. ದ್ರವವಾಗಿದ್ದಾಗ ಹಿಡಿದು, ಬಿಟ್ಟು, ಬೇರೆಯವರನ್ನು ಹಿಡಿದು ಅಲೆಯಬೇಕು. ಅವರು ಚಪ್ಪಾಳೆ ತಟ್ಟಿದರೆ ಚಳಿ ಬಂದಂತೆ. ಆಗ ಹಿಡಿದ ಕೈ ಬಿಡದೆ ಅಂಕುಡೊಂಕಾದ ಸರಪಳಿಯಾಗಿ ನಿಲ್ಲಬೇಕು.

ಚಪ್ಪಾಳೆ ಬಿತ್ತು. ಹುಡುಗರದೊಂದು ಸರಪಳಿ, ನಾವು ಆರು ಹುಡುಗಿಯರದೊಂದು. ನಡುವೆ ಒಂದು ಮಾರು ಜಾಗ. ಆ ಕಾಲದ ಸಿಂದಗಿಯಲ್ಲಿ ಹುಡುಗನ ಕೈ ಹಿಡಿಯುವುದುಂಟೇ? ತುದಿಯಲ್ಲಿದ್ದವಳು ನಾನೇ. ಎದುರಿಗಿದ್ದ ತಾಂಬಾ ಊರಿನ ಹುಡುಗ ಆಕಾಶ ನೋಡತೊಡಗಿದ. ಮೇಡಂ ತಮ್ಮ ಕರವಸ್ತ್ರ ತೆಗೆದು ನಮ್ಮಿಬ್ಬರಿಗೂ ಒಂದೊಂದು ತುದಿ ಕೊಟ್ಟರು.

"ಹೈಡ್ರೋಜನ್ ಬಂಧ ಅಂದ್ರ ಇದ. ಅಣುವಿನ ಒಳಗಿನ ಬಂಧಕ್ಕಿಂತ ಉದ್ದ, ಅದಕ್ಕಿಂತ ಸಡಿಲ. ಹೊರಗಿಂದ ಬಿಸಿ ಹತ್ತಿದ್ರ ಮೊದಲ ಬಿಡೂದು ಇದನ್ನ."

ಆಮೇಲೆ ಬೆನ್ನಿಗೆ ಪುಸ್ತಕದ ಚೀಲ, ಎದೆಗೆ ಊಟದ ಚೀಲ ಕಟ್ಟಿಸಿ ನಮ್ಮನ್ನು ಬಾಟಲಿಯೊಳಗಿನ ದಪ್ಪ ಅಣು, ಅಂದರೆ ಟರ್ಷರಿ ಬ್ಯುಟೈಲ್ ಮಾಡಿದರು. ಈಗ ದಪ್ಪಗಾದ ನಮಗೆ ಸಾಲಾಗಿ ನಿಲ್ಲಲು ಆಗಲೊಲ್ಲದು. ಸರಪಳಿ ತಿರುಚಿತು, ಊಟದ ಡಬ್ಬಿಗಳು ಖಣಖಣ ಎಂದವು. ಹುಡುಗರಲ್ಲಿ ಆರು ಜನ ಸುತ್ತಿ ಸುತ್ತಿ ತಾವಾಗಿಯೇ ಒಂದು ಉಂಗುರವಾದರು.

"ಹಿಂಗ! ಕೆಲವು ಸಲ ಖರೇನೂ ಹಿಂಗ ಆರಾರು ಕೂಡಿ ಉಂಗುರ ಕಟ್ತಾವು!" ಮೇಡಂ ನಮಗಿಂತ ಜೋರಾಗಿ ನಗುತ್ತಿದ್ದರು. ನನಗಂತೂ ನಕ್ಕು ನಕ್ಕು ತಲೆ ತಿರುಗುತ್ತಿತ್ತು.

ಗದ್ದಲ ಕೇಳಿ ಪ್ರಿನ್ಸಿಪಾಲರು ಬಂದರು. "ಏನ್ ನಡದೈತ್ರಿ ಮೇಡಂ ಇಲ್ಲಿ?"

"ಆಲ್ಕೋಹಾಲ್ ರೀ ಸರ್" ಎಂದರು ಮೇಡಂ, ಏದುಸಿರು ಬಿಡುತ್ತ.

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಚಾಚಾ ಓಡಿ ಬಂದು ಬಾಟಲಿಯನ್ನು ಅವರ ಕೈಗಿಟ್ಟರು. "ಸರ್, ಸ್ವಲ್ಪ ಹೊತ್ತ ಹಿಡೀರಿ. ಆಮ್ಯಾಲ ಸಿಟ್ಟಾಗ್ರಿ."

ಕನ್ನಡ ಕಲಿಸುತ್ತಿದ್ದ ಆ ಹಿರಿಯರು ಒಲ್ಲದ ಮನಸ್ಸಿನಿಂದ ಹಿಡಿದರು. ಅಂಗೈಯೊಳಗೆ ಗಡ್ಡೆ ಜಾರಿದ್ದು ಅವರಿಗೂ ತಿಳಿಯಿತು. "ಅರೇ!" ಎಂದರು. ಮತ್ತೆ ಅಲ್ಲಾಡಿಸಿ ನೋಡಿದರು. ಕೊನೆಗೆ ನಮ್ಮ ಕಡೆ ತಿರುಗಿ, "ಎಲ್ಲಾರೂ ಇನ್ನೊಮ್ಮೆ ಹೆಪ್ಪುಗಟ್ರಿ, ನೋಡೂಣು" ಎಂದರು.

ಸಂಜೆ ಮನೆಗೆ ಬಂದವಳೇ ಅಪ್ಪನಿಗೆ ಹೇಳಿಬಿಟ್ಟೆ, ಮುಂದೆ ನಾನು ರಸಾಯನಶಾಸ್ತ್ರವನ್ನೇ ಓದುತ್ತೇನೆ ಎಂದು. ಮಗಳು ಟೀಚರ್ ಟ್ರೇನಿಂಗಿಗೆ ಹೋಗಲಿ ಎಂಬುದು ಅವನ ಲೆಕ್ಕಾಚಾರ.

"ಅದನ್ನ ಓದಿದ್ರ ಏನಾಗ್ತಾರ?"

"ಗೊತ್ತಿಲ್ಲಪ್ಪಾ."

"ಗೊತ್ತಿಲ್ಲಂದ್ರ ಹಿಂಗ್ಯಾಕ ನಗಾಕತ್ತಿ?"

ನಾನು ಮತ್ತೂ ನಕ್ಕೆ. ಅವನಿಗೂ ನಗು ಬಂತು. ಮುಂದಿನ ಮಳೆಗಾಲದಲ್ಲಿ ಬಿ.ಎಸ್ಸಿ. ಅರ್ಜಿ ತುಂಬಲು ವಿಜಾಪುರಕ್ಕೆ ನನ್ನ ಜೊತೆ ಅಪ್ಪನೇ ಬಂದ. ಯಾವ ವಿಷಯವೆಂದು ಗುಮಾಸ್ತರು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ, "ಕೆಮಿಸ್ಟ್ರಿ ಬರ್ಕೋರಿ" ಎಂದ.