ಸೊನ್ನೆಗೆ ಕಳಿಸಿದ ಆಜ್ಞೆ

ಆ ತರಬೇತಿ ಕಟ್ಟಡದಲ್ಲಿ ಒಂಬತ್ತು ಕೋಣೆ, ಒಂಬತ್ತು ಪ್ರೊಜೆಕ್ಟರು, ಅವೆಲ್ಲಕ್ಕೂ ಸೇರಿ ಒಬ್ಬ ಕೇಬಲಣ್ಣ. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಏಣಿ ಹತ್ತಿ ಗುಂಡಿ ಒತ್ತುವ ಜಾಯಮಾನ ಅವನದಲ್ಲ. ಮಹಡಿಯ ಕಿರುಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಸೀರಿಯಲ್ ಕೇಬಲಿನ ಮೂಲಕ ಒಂದೊಂದೇ ಸಾಲಿನ ಆಜ್ಞೆ ಕಳಿಸುತ್ತಿದ್ದ. ಮೂರನೆಯದು ಹೊತ್ತಿಕೊಳ್ಳಲಿ, ಐದನೆಯದು ಆರಲಿ, ಎಂಟನೆಯದು ದನಿ ತಗ್ಗಿಸಲಿ. ಹೇಳಿದ್ದನ್ನು ಮಾಡಿದ ಯಂತ್ರ ತಿರುಗಿ ಒಂದು ಸಾಲಿನ ಒಪ್ಪಿಗೆ ಕಳಿಸುತ್ತಿತ್ತು.

"ಮನೇಲಿ ಯಾರೂ ನನ್ನ ಮಾತು ಕೇಳಲ್ಲ. ಇಲ್ಲಾದ್ರೂ ಒಂಬತ್ತು ಜನ ಕೇಳ್ತಾರೆ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಕೆಲಸದಲ್ಲಿ ಗಟ್ಟಿಗನೇ. ಆದರೆ ಒಂದು ಸೋಮಾರಿ ಅಭ್ಯಾಸವಿತ್ತು. ಯಂತ್ರದ ಸಂಖ್ಯೆಯ ಜಾಗದಲ್ಲಿ ಸೊನ್ನೆ ಹಾಕಿದರೆ ಆಜ್ಞೆ ಒಂಬತ್ತಕ್ಕೂ ಹೋಗುತ್ತದೆ. ಆಗ ಯಾವುದೂ ಉತ್ತರ ಕೊಡುವುದಿಲ್ಲ, ಸುಮ್ಮನೆ ಪಾಲಿಸುತ್ತವೆ. ಸಂಜೆ ಮನೆಗೆ ಹೊರಡುವಾಗ ಅವನು ಸೊನ್ನೆಗೆ ಒಂದೇ ಸಾಲು ಕಳಿಸಿ ಇಡೀ ಕಟ್ಟಡವನ್ನು ಆರಿಸಿಬಿಡುತ್ತಿದ್ದ. ಆ ಸಾಲನ್ನಾದರೂ ಪೂರ್ತಿ ಟೈಪ್ ಮಾಡುತ್ತಿದ್ದನೇ? ಅದೂ ಇಲ್ಲ. ಮೇಲ್ಬಾಣದ ಕೀಲಿ ಒತ್ತಿದರೆ ಹಿಂದೆ ಕಳಿಸಿದ ಸಾಲುಗಳು ತಾವಾಗಿ ಬರುತ್ತವಲ್ಲ, ಇನ್ನೇಕೆ ಬೆರಳು ಸವೆಸಬೇಕು?

ಆ ದಿನ ಹನ್ನೊಂದು ಮುಕ್ಕಾಲಿಗೆ ಏಳನೇ ಕೋಣೆಯ ಪ್ರೊಜೆಕ್ಟರ್ ಬಿಸಿಯಾಗುತ್ತಿದೆ ಎಂದು ಫೋನ್ ಬಂತು. ಬೆಳಗಿನಿಂದ ಅವನು ಒಂದು ಆಜ್ಞೆಯನ್ನೂ ಕಳಿಸಿರಲಿಲ್ಲ, ಬೇಕಾದವರು ಗೋಡೆಯ ಗುಂಡಿಯಿಂದಲೇ ಹೊತ್ತಿಸಿಕೊಂಡಿದ್ದರು. ಅದನ್ನು ಆರಿಸಲೆಂದು ಬಾಣ ಒತ್ತಿದ, ಹಿಂದಿನ ಸಂಜೆಯ ಸಾಲು ಬಂತು, ಎಂಟರ್ ಒತ್ತಿದ. ತಲೆಯಲ್ಲಿ ಏಳು ಇತ್ತು, ಸಾಲಿನಲ್ಲಿ ಸೊನ್ನೆ. ಉತ್ತರ ಬರಲಿಲ್ಲ. ಆಗಲೇ ಅವನ ಕಣ್ಣು ಆ ಸೊನ್ನೆಯ ಮೇಲೆ ಬಿದ್ದಿದ್ದು.

ಉಳಿದ ಕೋಣೆಗಳು ಖಾಲಿಯಿದ್ದವು. ಒಂಬತ್ತನೆಯದಾದ ದೊಡ್ಡ ಹಾಲಿನಲ್ಲಿ ಮಾತ್ರ ಹೊರಗಿನಿಂದ ಬಂದ ಅತಿಥಿಗಳೆದುರು ನಿರ್ದೇಶಕರ ಭಾಷಣ ನಡೆದಿತ್ತು. ಪರದೆ ಕಪ್ಪಾಯಿತು. ಒಮ್ಮೆ ಆರಿದ ಪ್ರೊಜೆಕ್ಟರ್ ತಣ್ಣಗಾಗದೆ ಮತ್ತೆ ಹೊತ್ತುವುದಿಲ್ಲ, ಹಾಗಾಗಿ ನಾಲ್ಕು ನಿಮಿಷ ನಿರ್ದೇಶಕರು ಕಪ್ಪು ಪರದೆಯ ಮುಂದೆ ನಿಂತರು. ಆಮೇಲೆ ಗೋಡೆಯ ಗುಂಡಿಗಳ ಪಕ್ಕದಲ್ಲಿದ್ದ ಹಾಲಿನ ಆಪರೇಟರ್ ಮೇಲೆ ಎಲ್ಲರೆದುರೇ ಹರಿಹಾಯ್ದರು. ಆಕೆ ಅದೇ ಹೊತ್ತಿಗೆ ದನಿ ಹೆಚ್ಚಿಸಲು ಒಂದು ಗುಂಡಿ ಒತ್ತಿದ್ದಳು. ಆರು ವರ್ಷ ದುಡಿದವಳು, ಆ ತಿಂಗಳು ಕೆಲಸ ಖಾಯಂ ಆಗುವುದರಲ್ಲಿತ್ತು. ಆ ಕಡತ ವಾಪಸು ಹೋಯಿತು, ಆಕೆ ನೆಲಮಾಳಿಗೆಯ ಸ್ಟೋರಿಗೆ ಹೋದಳು.

ಮರುದಿನ ಆಕೆ ಮಹಡಿ ಹತ್ತಿ ಬಂದು ಕೇಳಿದಳು. "ಅಣ್ಣ, ನಿಮಗೆ ಮಷೀನು ಗೊತ್ತು. ನಾನು ಏನು ತಪ್ಪು ಒತ್ತಿದೆ ಅಂತ ಹೇಳಿ, ಇನ್ಮೇಲೆ ಹುಷಾರಾಗಿರ್ತೀನಿ."

ಕಳಿಸಿದ ಸಾಲು ಗಂಟೆ ನಿಮಿಷದ ಸಮೇತ ಅವನ ಪರದೆಯ ಮೇಲೇ ಇತ್ತು. ಅವನು ಕುರ್ಚಿಯನ್ನು ಅದಕ್ಕೆ ಅಡ್ಡವಾಗಿ ಸರಿಸಿಕೊಂಡ.

"ಏನೋಮ್ಮ, ಒಂದೊಂದ್ಸಲ ಹಾಗಾಗುತ್ತೆ" ಎಂದ.

ಇದಕ್ಕಿಂತ ನೀಚ ಮಾತು ಅವನು ಜೀವಮಾನದಲ್ಲಿ ಆಡಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ತಾನಾಗಿ ಸುಳ್ಳು ಹೇಳಲಿಲ್ಲ, ಯಾರೂ ತನ್ನನ್ನು ವಿಚಾರಿಸಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮೂರು ತಿಂಗಳು ತಳ್ಳಿದ. ಊಟ ಸೇರಲಿಲ್ಲ. "ಸಾರಿಗೆ ಉಪ್ಪೇ ಹಾಕಿಲ್ಲ, ಅದನ್ನೂ ತೆಪ್ಪಗೆ ತಿಂತಿದ್ದೀರಲ್ಲ, ಏನಾಗಿದೆ ನಿಮಗೆ?" ಎಂದು ಹೆಂಡತಿ ಕೇಳಿದಳು.

ಒಂದು ದಿನ ಕೇಬಲ್ ತರಲು ಸ್ಟೋರಿಗೆ ಇಳಿದ. ಆಕೆ ಗುಜರಿಗೆ ಬಿದ್ದಿದ್ದ ಹಳೆಯ ಗುಂಡಿಫಲಕವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಗುಂಡಿಯ ಹೆಸರು ಹೇಳಿ ಒತ್ತುತ್ತಿದ್ದಳು. ಇವನನ್ನು ಕಂಡು ಸಂಕೋಚದಿಂದ ನಕ್ಕಳು.

"ಕಣ್ಣು ತೋರಿಸ್ದೆ ಅಣ್ಣ. ಕಣ್ಣಲ್ಲಿ ದೋಷ ಇಲ್ವಂತೆ. ಹಾಗಾದ್ರೆ ನನ್ನ ತಲೆಯೇ ಸರಿ ಇಲ್ಲ ಅಂತ ಕಾಣುತ್ತೆ."

ಅವನಿಗೆ ತಡೆಯಲಾಗಲಿಲ್ಲ. ನಿಂತ ನಿಲುವಿನಲ್ಲೇ ಬಾಣ, ಸೊನ್ನೆ, ಎಂಟರ್, ಎಲ್ಲವನ್ನೂ ಕಕ್ಕಿಬಿಟ್ಟ. ಆಕೆ ಬೈದು ಉಗಿದರೆ ಪಾಪ ಅಲ್ಲಿಗೆ ತೀರೀತು ಎಂಬ ಆಸೆಯೂ ಒಳಗೊಳಗೇ ಇತ್ತು.

ಆಕೆ ಬೈಯಲಿಲ್ಲ. ಗುಂಡಿಫಲಕವನ್ನು ತೊಡೆಯಿಂದ ಕೆಳಗಿಟ್ಟು, "ನನಗೊಬ್ಬಳಿಗೆ ಹೇಳಿದ್ರೆ ಏನಾಗುತ್ತೆ? ಅವತ್ತು ನನ್ನ ಬೈದಿದ್ದು ಎಲ್ಲರ ಮುಂದೆ" ಎಂದಳು.

ಸೋಮವಾರದ ಸಭೆಯಲ್ಲಿ ಸಿಬ್ಬಂದಿಯೆಲ್ಲ ಕೂತಿದ್ದಾಗ ಕೇಬಲಣ್ಣ ಎದ್ದು ನಿಂತ. ಆ ಸಾಲನ್ನು ಮುದ್ರಿಸಿದ ಹಾಳೆ ಹಿಡಿದು, ಹಾಲಿನ ಪ್ರೊಜೆಕ್ಟರ್ ಆರಿಸಿದವನು ತಾನು, ಆಕೆಯ ತಪ್ಪೇನೂ ಇಲ್ಲ ಎಂದು ಬಾಯಿಬಿಟ್ಟು ಹೇಳಿದ. ನಿರ್ದೇಶಕರು ಹಾಳೆಯನ್ನು ಎರಡು ಸಲ ಓದಿದರು. ಆಕೆಯ ಕಡತವನ್ನು ಮತ್ತೆ ತರಿಸುವಂತೆ ಗುಮಾಸ್ತರಿಗೆ ಹೇಳಿ ಇವನತ್ತ ತಿರುಗಿದರು.

"ಮೂರು ತಿಂಗಳು ಯಾಕ್ರೀ ಸುಮ್ಮನಿದ್ರಿ?"

ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದನೋ, ಅದೇ ಮಾತು ಬಾಯಿಂದ ಜಾರಿಬಿತ್ತು.

"ಯಾರೂ ನನ್ನ ಕೇಳಲಿಲ್ಲ ಸರ್."

ಹಿಂದಿನ ಸಾಲಿನಿಂದ ಆಕೆ ಮೆಲ್ಲಗೆ, ಸ್ವಲ್ಪವೂ ಸಿಟ್ಟಿಲ್ಲದೆ ಹೇಳಿದಳು.

"ನಾನು ಕೇಳಿದ್ದೆ, ಅಣ್ಣ."