ಮೊದಲ ವಿದ್ಯುತ್ತಿನ ಪ್ರಶ್ನೆ

ವಯಸ್ಸಿನ ಮಿತಿ ಮುಗಿಯುವ ವರ್ಷ ನಾನು ಕೊನೆಯ ಸಲ ಗುಮಾಸ್ತರ ಹುದ್ದೆಯ ಪರೀಕ್ಷೆ ಬರೆದೆ. ಸಾಮಾನ್ಯ ಜ್ಞಾನದಲ್ಲಿ ಒಂದು ಪ್ರಶ್ನೆ ಇತ್ತು: ಕರ್ನಾಟಕದಲ್ಲಿ ಮೊದಲು ಜಲವಿದ್ಯುತ್ ತಯಾರಾದದ್ದು ಎಲ್ಲಿ? ಯೋಚಿಸದೆ ಗೋಕಾಕ ಎಂದು ಗುರುತು ಹಾಕಿದೆ. ನಮ್ಮಪ್ಪ ಕೊಣ್ಣೂರಿನಿಂದ ದಿನಾ ಸೈಕಲ್ ತುಳಿದು ಜಲಪಾತದ ಬಾಜೂ ಇರುವ ನೂಲಿನ ಗಿರಣಿಗೆ ಹೋಗುತ್ತಿದ್ದವರು. ನೀರಿನಿಂದ ಕರೆಂಟು ಮೊದಲು ಹುಟ್ಟಿದ್ದು ಅಲ್ಲಿಯೇ ಎಂದು ಅವರಿಂದಲೇ ಕೇಳಿದ್ದೆ.

ಉತ್ತರಪಟ್ಟಿ ಬಂದಾಗ ಅದರಲ್ಲಿ ಶಿವನಸಮುದ್ರ ಎಂದಿತ್ತು. ಆ ಒಂದು ಅಂಕ ಸಿಕ್ಕರೆ ಆಯ್ಕೆಯಾಗುವ ಆಸೆಯಿತ್ತು. ಆಕ್ಷೇಪಣೆ ಸಲ್ಲಿಸಲು ಒಂದು ವಾರ. ಜೊತೆಗೆ ಪುಸ್ತಕದ ಪುಟ ಲಗತ್ತಿಸಬೇಕು. ಗೋಕಾಕದ ಗ್ರಂಥಾಲಯದಲ್ಲಿ ಎರಡು ದಿನ ಕೂತೆ. ತೆಗೆದ ಪುಸ್ತಕವೆಲ್ಲ ಶಿವನಸಮುದ್ರವನ್ನೇ ಹೇಳುತ್ತಿತ್ತು.

ನಾನು ಬೇಡವೆಂದರೂ ಕೇಳದೆ ಅಪ್ಪ ನನ್ನ ಜೊತೆ ಹೊರಟರು. ಮೂಡಲಗಿಯಲ್ಲಿ ನನಗೆ ಇತಿಹಾಸ ಕಲಿಸಿದ ನಿವೃತ್ತ ಮಾಸ್ತರರಿದ್ದರು. ನನ್ನ ಮಾತು ಕೇಳಿ ಅವರ ಮುಖ ಅರಳಿತು.

"ನೀ ಬರದದ್ದ ಖರೆ ಐತಿ ತಂಗಿ. ಹಳೇ ಪುಸ್ತಕ ಒಂದು ನನ್ನ ಹತ್ರನ ಇತ್ತು."

ಟ್ರಂಕು ತೆರೆದು ಒಂದು ತಾಸು ಹುಡುಕಿದರು. ಕೊನೆಗೆ ಸೊಸೆ ಒಳಗಿನಿಂದ ಬಂದು, ಗೆದ್ದಲು ಹತ್ತಿದ್ದನ್ನೆಲ್ಲ ಹೋದ ವರ್ಷವೇ ಸುಟ್ಟೆವೆಂದು ಹೇಳಿದಳು. ಮಾಸ್ತರರು ಟ್ರಂಕಿನ ಮುಂದೆ ಹಾಗೆಯೇ ಕೂತುಬಿಟ್ಟರು.

ಮರುದಿನ ಹುಕ್ಕೇರಿಗೆ ಹೋದೆವು. ಅಲ್ಲೊಬ್ಬ ಸರ್ ಪರೀಕ್ಷೆಯ ಕ್ಲಾಸು ನಡೆಸುತ್ತಿದ್ದರು, ಪ್ರಶ್ನೋತ್ತರದ ಪುಸ್ತಕವನ್ನೂ ಬರೆದಿದ್ದರು. ಅವರ ಒಂದು ಪತ್ರವಾದರೂ ಸಿಗಲಿ ಎಂಬುದು ನನ್ನ ಲೆಕ್ಕ.

"ನನ್ನ ಪುಸ್ತಕದಾಗೂ ಶಿವನಸಮುದ್ರ ಅಂತನ ಐತ್ರಿ," ಎಂದರು.

ಅಪ್ಪ ಎದ್ದು ನಿಂತು ಕೈಮುಗಿದರು. "ಸಾಹೇಬ್ರ, ನಾ ಅಲ್ಲೇ ಗಿರಣ್ಯಾಗ ದುಡದಾಂವ ಅದೀನ್ರಿ. ಒಮ್ಮೆ ಬಂದು ನೋಡ್ರಿ."

"ಕಾಕಾ, ನೀವು ಹೇಳೂದು ಖರೆನೂ ಇರಬಹುದ್ರಿ. ನಾಳೆ ನನ್ನ ಹುಡುಗ್ರು ಗೋಕಾಕ ಅಂತ ಬರದು ಮಾರ್ಕ್ಸ್ ಕಳಕೊಂಡ್ರ ಯಾರು ಹೊಣಿ?"

ಹೊರಗೆ ಬಂದವರೇ ಅಪ್ಪ ಬಸ್ ನಿಲ್ದಾಣದ ಕಡೆ ನಡೆದರು. ನನ್ನನ್ನು ಉತ್ತರ ತಪ್ಪೆನಿಸಿಕೊಂಡದ್ದಕ್ಕಿಂತ ಅವರು ಆ ಮನುಷ್ಯನಿಗೆ ಕೈಮುಗಿದದ್ದೇ ಹೆಚ್ಚು ನೋಯಿಸಿತು.

ಪುಟ ಲಗತ್ತಿಸದೆಯೇ ಆಕ್ಷೇಪಣೆ ಕಳಿಸಿದೆ. ಆಧಾರವಿಲ್ಲವೆಂದು ತಿರಸ್ಕೃತವಾಯಿತು. ಆಯ್ಕೆಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಆಯ್ಕೆಯ ಕಟ್‌ಆಫ್‌ಗೆ ಒಂದೇ ಅಂಕ ಕಡಿಮೆ.

ಅಂದು ಮಧ್ಯಾಹ್ನ ಅಪ್ಪ ರೊಟ್ಟಿ ಮುರಿದು ಹಾಗೇ ತಾಟಿನಲ್ಲಿಟ್ಟರು.

"ನಾ ನಿನಗ ಹೇಳಬಾರದಿತ್ತವ್ವಾ," ಎಂದರು.

ಇಲ್ಲಪ್ಪಾ, ನೀವು ಹೇಳಿದ್ದು ಖರೆ ಎನ್ನಬೇಕಿತ್ತು. ಅದರ ಬದಲು ಪಲ್ಯ ಬಡಿಸಿದೆ. ಅವರು ಉಣ್ಣದೆಯೇ ಕೈತೊಳೆದು ಎದ್ದರು.